ಆರು ಜನ ಆಡಿದ ಪಂದ್ಯ

ನಮ್ಮ ಊರಿನಲ್ಲಿ ಯಾರಾದರೂ ಯಾರ ಮೇಲಾದರೂ ದೊಡ್ಡ ಅಪರಾಧದ ದೂರು ಕೊಟ್ಟರೆ, ಮರುದಿನ ಬೆಳಕು ಹರಿಯುವಷ್ಟರಲ್ಲಿ ಎರಡು ಗೊರವಂಕಗಳು ಬರುತ್ತವೆ. ಒಂದು ದೂರಿಗೆ ಗುರಿಯಾದವನ ಹೆಗಲ ಮೇಲೆ ಕೂರುತ್ತದೆ, ಇನ್ನೊಂದು ದೂರು ಕೊಟ್ಟವರ ಹೆಗಲ ಮೇಲೆ. ನ್ಯಾಯಾಲಯದ ತೀರ್ಪು ಬರುವವರೆಗೆ, ಇಲ್ಲವೆ ಕೊಟ್ಟವರೇ ದೂರನ್ನು ಹಿಂದಕ್ಕೆ ಪಡೆಯುವವರೆಗೆ, ಅವು ಆ ಇಬ್ಬರನ್ನು ಬಿಟ್ಟು ಹೋಗುವುದಿಲ್ಲ. ಬೇಲಿಯ ಜಗಳಕ್ಕೆ, ಸಣ್ಣ ಕಳ್ಳತನಕ್ಕೆ ಅವು ಬರುವುದಿಲ್ಲ. ಕೊಲೆ, ಬಲಾತ್ಕಾರ, ಮನೆಗೆ ಬೆಂಕಿ ಇಡುವುದು, ಇಂಥವಕ್ಕೆ ಮಾತ್ರ ಬರುತ್ತವೆ. ಎರಡಕ್ಕೂ ಒಂದೇ ಬಣ್ಣ, ಒಂದೇ ಗಾತ್ರ. ಅವುಗಳ ಮುಖ ನೋಡಿ ಏನನ್ನೂ ತಿಳಿಯಲಾಗದು ಎಂದು ಹಿರಿಯರು ಹೇಳುತ್ತಿದ್ದರು.

ಊರು ಇದಕ್ಕೆ ಹೊಂದಿಕೊಂಡಿದೆ. ದರ್ಜಿ ಹಸನಸಾಬ ಅಂಥವರ ಅಂಗಿಗೆ ಎಡಹೆಗಲಿನಲ್ಲಿ ದಪ್ಪ ಬಟ್ಟೆಯ ಒತ್ತು ಇಟ್ಟು ಹೊಲಿದುಕೊಡುತ್ತಾನೆ, ಉಗುರು ತಾಗಬಾರದೆಂದು. ಕ್ಷೌರಿಕನು ಆ ಕಡೆಯ ಕೂದಲನ್ನು ಕೊನೆಗೆ ಕತ್ತರಿಸುತ್ತಾನೆ. ಬಸ್ಸಿನ ಕಂಡಕ್ಟರು ಒಮ್ಮೆ, ಹಕ್ಕಿಗೆ ಅರ್ಧ ಟಿಕೆಟ್ ಆದರೂ ತೆಗೆಯಬೇಕು, ಕಿಟಕಿ ಪಕ್ಕದ ಸೀಟು ಕೇಳುತ್ತದೆ ಎಂದು ತಮಾಷೆ ಮಾಡಿದ್ದ. ರಾತ್ರಿ ಮಲಗುವಾಗ ಹಕ್ಕಿ ಮಂಚದ ಕಾಲಿನ ಮೇಲೆ ಕೂತು ನಿದ್ದೆ ಮಾಡುತ್ತದೆ, ಬೆಳಿಗ್ಗೆ ಮತ್ತೆ ಹೆಗಲಿಗೆ ಬರುತ್ತದೆ. ಅದರ ಕಾಳು ನೀರು ಹೊತ್ತವರದೇ ಜವಾಬ್ದಾರಿ.

ನನ್ನ ಹೆಸರು ತವನಪ್ಪ. ಮೂವತ್ತೆಂಟು ವರ್ಷ ಊರಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದೆ. ನಿವೃತ್ತನಾದ ಮೇಲೆ ಊರಿನ ಕಬಡ್ಡಿ ತಂಡದ ಹಿರಿಯನೆಂದು ನನ್ನನ್ನು ಕೂರಿಸಿದರು. ಆಟದ ವಿಷಯ ನನಗೆ ತಿಳಿದದ್ದು ಕಡಿಮೆ. ಹಿರಿಯನ ಕೆಲಸವೂ ಕಡಿಮೆಯೇ. ಪಂದ್ಯದ ದಿನ ಅಂಕಣದ ಅಂಚಿನಲ್ಲಿ ನಿಂತು ಏಳು ಜನ ಆಟಗಾರರಿಗೂ ಒಬ್ಬೊಬ್ಬರಾಗಿ ಕೈಯಾರೆ ಅಂಗಿ ಕೊಡಬೇಕು. ಹಿರಿಯನ ಕೈಯಿಂದ ಅಂಗಿ ಪಡೆಯದವನು ಗೆರೆ ದಾಟಿ ಒಳಗೆ ಬರುವಂತಿಲ್ಲ. ಅಂಗಿಗಳು ನಮ್ಮ ಮನೆಯಲ್ಲೇ ಇರುತ್ತಿದ್ದವು. ನನ್ನ ಮನೆಯಾಕೆ ರಾಜಮತಿ ಅವನ್ನು ಒಗೆದು, ಹರಿದಲ್ಲಿ ಹೊಲಿದು, ಮಡಚಿ ಇಡುತ್ತಿದ್ದಳು. ಅವಳು ಈ ವರ್ಷದ ಚೈತ್ರದಲ್ಲಿ ತೀರಿಕೊಂಡಳು. ಐವತ್ತೊಂದು ವರ್ಷದ ಸಂಸಾರ. ಬಸದಿಯಲ್ಲಿ ಕೂತಾಗ ದೇವರಿಗೆ ಹೇಳಬೇಕಾದ್ದನ್ನು ಹೇಳುತ್ತೇನೆ. ಆದರೆ ಅವಳು ನನಗೆ ಮಾಡಿದ ಒಂದು ಉಪಕಾರವನ್ನು ಜನರ ಮುಂದೆಯೂ ಹೇಳಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ತಂಡದ ದೊಡ್ಡ ದಾಳಿಗಾರ ಸಿದ್ರಾಮ. ಇಪ್ಪತ್ತಾರು ವರ್ಷದ ಹುಡುಗ, ಸುಣ್ಣದ ಕಲ್ಲು ಸುಡುವ ಗೂಡಿನಲ್ಲಿ ಕೆಲಸ. ಅವನು ಉಸಿರು ಹಿಡಿದು ಎದುರಾಳಿಗಳ ಕಡೆ ಹೋದರೆ ಮೈದಾನದಲ್ಲಿ ಕೂತವರೂ ತಮ್ಮ ಉಸಿರು ಹಿಡಿಯುತ್ತಿದ್ದರು. ಅವನೂ ನನ್ನ ವಿದ್ಯಾರ್ಥಿ. ಅಂಕಣದ ಗೆರೆ ಎಳೆಯುವ ಕಸ್ತೂರಿಯೂ ನನ್ನ ವಿದ್ಯಾರ್ಥಿನಿ. ಅವಳ ತಂದೆ ಅಂಕಣದ ಮಣ್ಣು ಹದ ಮಾಡುವ ಕೆಲಸದಲ್ಲಿದ್ದ. ಅವನು ತೀರಿಕೊಂಡ ಮೇಲೆ ಹದಿನೇಳನೆಯ ವಯಸ್ಸಿನಿಂದ ಅವಳೇ ಆ ಕೆಲಸ ಹಿಡಿದಳು. ಮಣ್ಣಿಗೆ ನೀರು ಹೊಡೆದು, ಉರುಳುಗಲ್ಲು ಎಳೆದು, ಕಲ್ಲು ಆರಿಸಿ, ಕೊನೆಗೆ ಸುಣ್ಣದಿಂದ ಗೆರೆ ಎಳೆಯುವುದು. ಹಗ್ಗ ಹಿಡಿಯದೆ ನೇರ ಗೆರೆ ಎಳೆಯುತ್ತಿದ್ದಳು. ಮನೆಯಲ್ಲಿ ಅವಳು ಮತ್ತು ಕಿವಿ ಕೇಳದ ಅಜ್ಜಿ, ಇಬ್ಬರೇ.

ಕಳೆದ ಪುಷ್ಯ ಮಾಸದಲ್ಲಿ ನಾವು ಒಂದು ದೊಡ್ಡ ಪಂದ್ಯ ಗೆದ್ದ ಸಂಜೆ, ಮೈದಾನದ ಪಕ್ಕದ ಸುಣ್ಣದ ಕೋಣೆಯಲ್ಲಿ ಸಿದ್ರಾಮ ತನ್ನ ಮೇಲೆ ಬಲಾತ್ಕಾರ ಮಾಡಿದನೆಂದು ಕಸ್ತೂರಿ ದೂರು ಕೊಟ್ಟಳು. ಮೂರನೆಯ ದಿನ ಒಬ್ಬಳೇ ನಡೆದು ಠಾಣೆಗೆ ಹೋಗಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಇಬ್ಬರ ಹೆಗಲ ಮೇಲೂ ಗೊರವಂಕಗಳು ಕೂತಿದ್ದವು. ಸಿದ್ರಾಮನಿಗೆ ಆ ವಾರವೇ ಜಾಮೀನು ಸಿಕ್ಕಿತು.

ತಂಡದ ಕಮಿಟಿ ಸೇರಿತು. ನನ್ನನ್ನೂ ಸೇರಿ ಐದು ಜನ. ಸಿದ್ರಾಮ ದುಡಿಯುವ ಸುಣ್ಣದ ಗೂಡಿನ ಮಾಲೀಕ ಮಡಿವಾಳಪ್ಪ ಅದರಲ್ಲಿ ದೊಡ್ಡವನು. ಮುಂದಿನ ಭಾನುವಾರ ಪಂದ್ಯ, ಅದನ್ನು ಗೆದ್ದರೆ ಹದಿನೈದು ದಿನಕ್ಕೆ ಅಂತಿಮ ಪಂದ್ಯ. ಸಿದ್ರಾಮ ಆಡಬೇಕೇ ಬೇಡವೇ ಎಂಬುದು ಪ್ರಶ್ನೆ. ಇಬ್ಬರನ್ನೂ ಕರೆಸಿದೆವು. ಸಿದ್ರಾಮ ಒಳಗೆ ಕುರ್ಚಿಯಲ್ಲಿ ಕೂತ. ಕಸ್ತೂರಿ ಬಾಗಿಲ ಬಳಿ ನಿಂತಳು. ಕುಳಿತುಕೋ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ನಾವು ಮಾಡಿದ್ದನ್ನು ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ. ಇಬ್ಬರನ್ನೂ ಏನೂ ಕೇಳದೆ, ಒಂದು ಗಂಟೆ ಹೊತ್ತು, ಐದು ಜನ ನರೆತ ಗಂಡಸರು ಎರಡು ಹಕ್ಕಿಗಳನ್ನು ನೋಡುತ್ತ ಕೂತೆವು. ಸಿದ್ರಾಮನ ಹಕ್ಕಿ ಶಾಂತವಾಗಿತ್ತು. ರೆಕ್ಕೆ ಕೆದರಿಕೊಂಡಿತು, ಎರಡು ಸಲ ಸಿಳ್ಳೆ ಹಾಕಿತು, ಅವನ ಕಿವಿಗೆ ಕೊಕ್ಕು ಉಜ್ಜಿತು. ಕಸ್ತೂರಿಯ ಹಕ್ಕಿ ಕಿರುಚುತ್ತಿತ್ತು. ತನ್ನ ಪುಕ್ಕವನ್ನು ತಾನೇ ಕಿತ್ತುಕೊಳ್ಳುತ್ತಿತ್ತು. ಅವಳ ಕುತ್ತಿಗೆಯ ಮೇಲೆ ಕೊಕ್ಕಿನ ಗಾಯಗಳಿದ್ದವು.

"ಸುಳ್ಳ ಹೇಳೋರ ಹೆಗಲ ಮ್ಯಾಲ ಹಕ್ಕಿಗೂ ಕುಂಡ್ರಾಕ ಆಗವಲ್ದು ನೋಡ್ರಿ," ಎಂದ ಮಡಿವಾಳಪ್ಪ.

ಉಳಿದವರು ತಲೆಯಾಡಿಸಿದರು. ನಾನೂ ಆಡಿಸಿದೆ.

ಆ ಭಾನುವಾರ ಸಿದ್ರಾಮನಿಗೆ ಅಂಗಿ ಕೊಟ್ಟೆ. ಎಡಹೆಗಲಿಗೆ ಹಸನಸಾಬ ಒತ್ತು ಇಟ್ಟಿದ್ದ. ಎದುರಾಳಿ ತಂಡದವರು ಹಕ್ಕಿ ಎಂಟನೆಯ ಆಟಗಾರ ಆಗುತ್ತದೆಯೇ, ಅದು ಮುಟ್ಟಿದರೆ ಔಟೇ ಎಂದು ತಕರಾರು ತೆಗೆದರು. ನಿರ್ಣಾಯಕರು ಹಕ್ಕಿ ಲೆಕ್ಕಕ್ಕಿಲ್ಲ ಎಂದರು. ಸಿದ್ರಾಮ ಹನ್ನೊಂದು ಅಂಕ ತಂದ. ಅವನು ದಾಳಿಗೆ ಹೋದಾಗಲೆಲ್ಲ ಹಕ್ಕಿ ಮೇಲೆ ಹಾರಿ, ಅವನು ತಿರುಗಿ ಬಂದಾಗ ಹೆಗಲಿಗೆ ಇಳಿಯುತ್ತಿತ್ತು. ಜನ ಹುಚ್ಚೆದ್ದರು. ಸಾವಿರ ಬಾಯಿ ಗೊರವಂಕದಂತೆ ಸಿಳ್ಳೆ ಹಾಕಿದವು. ಅಂದಿನ ಗೆರೆ ಎಳೆದವಳು ಕಸ್ತೂರಿಯೇ. ಬೆಳಿಗ್ಗೆಯೇ ಎಳೆದು ಮುಗಿಸಿ, ಸೆರಗು ಹೊದ್ದು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಪಡ್ಡೆ ಹುಡುಗರು ಅವಳ ಹಿಂದಿನಿಂದ ಅದೇ ಸಿಳ್ಳೆ ಹಾಕುತ್ತಿದ್ದರಂತೆ. ಅದನ್ನು ನನಗೆ ಹೇಳಿದವನು ತಂಡದ ನಾಯಕ ದಸ್ತಗೀರ. ಹೇಳಿ ನನ್ನ ಮುಖ ನೋಡಿದ. ನಾನು ಬೇರೆ ಮಾತು ತೆಗೆದೆ.

ಅಂತಿಮ ಪಂದ್ಯದ ಮೊದಲು ದೂರು ಹಿಂದಕ್ಕೆ ಪಡೆಯುವಂತೆ ಅವಳಿಗೆ ಯಾರಾದರೂ ಬುದ್ಧಿ ಹೇಳಬೇಕು ಎಂದು ಕಮಿಟಿ ನಿಶ್ಚಯಿಸಿತು. ಅಕ್ಷರ ಕಲಿಸಿದವನು ಹೇಳಿದರೆ ಕೇಳಿಯಾಳು ಎಂದು ನನ್ನನ್ನು ಕಳಿಸಿದರು. ನಾನು ಹೋದೆ. ಊರಿನ ಮರ್ಯಾದೆ, ಅವಳ ಮುಂದಿನ ಬಾಳು, ಅಜ್ಜಿಯ ವಯಸ್ಸು, ಎಲ್ಲವನ್ನೂ ಮೃದುವಾಗಿ ಹೇಳಿದೆ. ಮೃದುವಾಗಿ ಹೇಳಿದೆ ಎಂಬುದೇ ಈಗ ಹೆಚ್ಚು ಚುಚ್ಚುತ್ತದೆ. ಅವಳು ಹೊಸ್ತಿಲಲ್ಲಿ ಕೂತು ಕೇಳಿದಳು. ಹಕ್ಕಿ ಅವಳ ಕೂದಲು ಎಳೆಯುತ್ತಿತ್ತು.

"ಹೇಳೂದಿದ್ರ ಕೈ ಎತ್ತಬೇಕು ಅಂತ ಕಲಿಸಿದವರು ನೀವ ಅದೀರಿ ಮಾಸ್ತರ," ಎಂದಳು. "ಎತ್ತೀನಿ. ಈಗ ಇಳಿಸು ಅಂತೀರಿ."

ಎದ್ದು ಬಂದೆ.

ರಾಜಮತಿ ಆಗಲೇ ಹಾಸಿಗೆ ಹಿಡಿದಿದ್ದಳು. ಉಬ್ಬಸ ಹೆಚ್ಚಾಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಒಂದು ಮಾತಿಗೆ ಎರಡು ಸಲ ನಿಲ್ಲಬೇಕಾಗುತ್ತಿತ್ತು. ನಾನು ಆದದ್ದನ್ನೆಲ್ಲ ಹೇಳಿದೆ. ಕಮಿಟಿಯಲ್ಲಿ ಹಕ್ಕಿಗಳನ್ನು ನೋಡಿದ್ದನ್ನೂ ಹೇಳಿದೆ. ಅವಳು, ಸಿದ್ರಾಮ ತನ್ನ ಹಕ್ಕಿಗೆ ಏನು ಹಾಕುತ್ತಾನೆ ಎಂದು ಕೇಳಿದಳು. ಶೇಂಗಾ ಎಂದೆ. ಸುಣ್ಣದ ಗೂಡಿನವರು ಚೀಲವೇ ಕೊಟ್ಟಿದ್ದರು. ಕಸ್ತೂರಿ ಏನು ಹಾಕುತ್ತಾಳೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

"ಆಕಿ ಮನ್ಯಾಗ ಒಲಿ ಹತ್ತಿತ್ತೇನು?"

ನೆನಪು ಮಾಡಿಕೊಂಡೆ. ಒಲೆ ತಣ್ಣಗಿತ್ತು. ಹೊರಗೆ ಬಂದರೆ ಸಿಳ್ಳೆ, ಅಂಗಡಿಗೆ ಹೋದರೆ ಸಿಳ್ಳೆ, ಆದ್ದರಿಂದ ಅವಳು ಎಲ್ಲಿಗೂ ಹೋಗುತ್ತಿರಲಿಲ್ಲ. ಮೂವತ್ತೆಂಟು ವರ್ಷ ಮಾಸ್ತರನಾಗಿದ್ದವನಿಗೆ, ದಿನಾ ಬೆಳಿಗ್ಗೆ ಬಸದಿಯ ಅಂಗಳದಲ್ಲಿ ಹಕ್ಕಿಗಳಿಗೆ ಕಾಳು ಚೆಲ್ಲುವವನಿಗೆ, ಹಸಿದ ಹಕ್ಕಿಯ ಗುರುತು ಸಿಕ್ಕಿರಲಿಲ್ಲ.

ರಾಜಮತಿ ಮರುದಿನ ಒಂದು ಡಬ್ಬಿಯಲ್ಲಿ ಸಜ್ಜೆ, ಇನ್ನೊಂದರಲ್ಲಿ ಜೋಳದ ಹಿಟ್ಟು ತುಂಬಿಸಿ ನನ್ನ ಕೈಯಲ್ಲೇ ಕಳಿಸಿದಳು. ಎರಡು ದಿನದಲ್ಲಿ ಆ ಹಕ್ಕಿ ಕಿರುಚುವುದನ್ನು ಬಿಟ್ಟಿತು. ನನಗೆ ಸಮಾಧಾನವಾಯಿತು. ಆದರೆ ರಾಜಮತಿಗೆ ಆಗಿರಲಿಲ್ಲ.

"ಅಂವಗ ಅಂಗಿ ಕೊಟ್ರಿ," ಎಂದಳು. "ಆಕಿಗೆ ಏನ ಕೊಟ್ರಿ?"

"ಆಕಿ ತಂಡದಾಕಿ ಅಲ್ಲಲ್ಲ," ಎಂದೆ.

"ಗೆರಿ ಯಾರ ಎಳೀತಾರ? ಗೆರಿ ಇಲ್ಲದ ಆಡ್ತೀರೇನು ನೀವು?"

ಇಷ್ಟು ಹೇಳಿ ಕೆಮ್ಮು ಬಂದು ಮಲಗಿದಳು. ಅವಳ ಬೆನ್ನು ತಿಕ್ಕುತ್ತ ಕೂತೆ. ನಾವು ಅಷ್ಟೂ ದಿನ ನಮ್ಮ ಹುಡುಗ, ನಮ್ಮ ಹುಡುಗ ಎಂದು ಮಾತಾಡಿದ್ದೆವು. ನಮ್ಮ ಹುಡುಗಿ ಎಂಬ ಮಾತು ಒಬ್ಬರ ಬಾಯಲ್ಲೂ ಬಂದಿರಲಿಲ್ಲ.

ಮರುದಿನ ದಸ್ತಗೀರನನ್ನು ಕರೆದು, ಅಂತಿಮ ಪಂದ್ಯಕ್ಕೆ ಸಿದ್ರಾಮನಿಗೆ ನಾನು ಅಂಗಿ ಕೊಡುವುದಿಲ್ಲ ಎಂದು ಹೇಳಿದೆ. ಬೈದಾನು, ಬೇಡಿಕೊಂಡಾನು ಎಂದುಕೊಂಡಿದ್ದೆ. ಅವನು ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತ, ನೀವು ಯಾವಾಗ ಹೇಳುತ್ತೀರಿ ಎಂದು ಕಾಯುತ್ತಿದ್ದೆ ಎಂದ. ಅವನಿಗೆ ಇಬ್ಬರು ತಂಗಿಯರು. ಬದಲಿಗೆ ಯಾರನ್ನು ಇಳಿಸುತ್ತೀ ಎಂದು ಕೇಳಿದೆ.

"ಯಾರನೂ ಇಲ್ರಿ. ಆರ ಮಂದಿ ಆಡ್ತೀವಿ. ಬ್ಯಾರೇದವನ್ನ ನಿಲ್ಲಿಸಿದ್ರ ಅಂವನ್ನ ತಗದ ಒಗದಂಗ ಆಗ್ತದ. ಅದನ್ನ ಕೋರ್ಟ್ ಮಾಡ್ಲಿ. ನಾವು ಜಾಗಾ ಖಾಲಿ ಇಡೂಣು."

ಇನ್ನೂ ಕೆಲವು ಸಂಗತಿಗಳನ್ನು ಅವನೇ ಯೋಚಿಸಿದ್ದ. ಸಿದ್ರಾಮನಿಗೆ ದಿನಾ ತಂಡದಿಂದ ಸಿಗುವ ಹಾಲು, ಮೊಟ್ಟೆ ನಿಲ್ಲಬಾರದು, ಆಟಗಾರರು ಸರದಿಯ ಮೇಲೆ ಮನೆಗೆ ಮುಟ್ಟಿಸಬೇಕು. ಕಸ್ತೂರಿ ಇರುವ ಕಡೆ ಸಿದ್ರಾಮ ಬರಬಾರದು. ಅವಳು ಮೈದಾನಕ್ಕೆ ಬರುವಾಗ ಹೋಗುವಾಗ ದಸ್ತಗೀರನ ತಂಗಿಯರು ಜೊತೆಗಿರಬೇಕು. ಸಿಳ್ಳೆ ಹಾಕಿದವನು ಯಾರೇ ಆಗಲಿ ಅವನಿಗೆ ಮೈದಾನದೊಳಗೆ ಜಾಗವಿಲ್ಲ. ಓದು ನಾಲ್ಕನೆಯ ತರಗತಿಗೇ ಬಿಟ್ಟವನು ಇಷ್ಟನ್ನು ನನ್ನ ಕಟ್ಟೆಯ ಮೇಲೆ ಕೂತು ಹೇಳಿದ. ಕಮಿಟಿಯ ನಾಲ್ವರು ಒಪ್ಪಲಿಲ್ಲ. ಆದರೆ ಅಂಗಿ ಕೊಡುವ ಕೈ ನನ್ನದಾಗಿತ್ತು.

ಅಂತಿಮ ಪಂದ್ಯದ ಮಧ್ಯಾಹ್ನ ಮೈದಾನ ತುಂಬಿತ್ತು. ಆರು ಜನಕ್ಕೆ ಅಂಗಿ ಕೊಟ್ಟೆ. ಯಾರ ಮಾತಿಗೋ ಸಿದ್ರಾಮನೂ ಬಂದು ಸಾಲಿನ ಕೊನೆಯಲ್ಲಿ ನಿಂತಿದ್ದ. ಕಸ್ತೂರಿ ಗೆರೆ ಎಳೆದು ಅಷ್ಟರಲ್ಲೇ ಹೊರಟುಹೋಗಿದ್ದಳು. ಏಳನೆಯ ಅಂಗಿ ನನ್ನ ತೋಳಿನ ಮೇಲಿತ್ತು. ಅವನು ಕೈ ಚಾಚಿದ. ನಾನು ಕೊಡಲಿಲ್ಲ.

"ನಾ ಮಾಡಿಲ್ರಿ ಮಾಸ್ತರ," ಎಂದ.

"ಮಾಡೀಯೋ ಬಿಟ್ಟೀಯೋ ನನಗ ಗೊತ್ತಿಲ್ಲ. ಗೊತ್ತಾಗೂ ತನಕಾ ಕಾಯಬೇಕು."

"ಹಂಗಾರ ಆಕಿನ್ನೂ ಕಾಯಾಕ ಹಚ್ರಿ. ಆಕಿ ಹೆಗಲ ಮ್ಯಾಲೂ ಕುಂತೈತಿ. ಆಕಿ ಯಾಕ ಮೈದಾನಕ್ಕ ಬರಬೇಕು?"

ಅದು ಸುಲಭದ ಪ್ರಶ್ನೆಯಲ್ಲ. ಆ ಹೊತ್ತಿಗೆ ಉತ್ತರ ಹೇಗೆ ಬಂತೋ ತಿಳಿಯದು. ಅದನ್ನು ಬಾಯಿಗೆ ತಂದ ದೇವರಿಗೆ ಕೈ ಮುಗಿಯುತ್ತೇನೆ.

"ಗೆರಿ ಎಳದರ ಯಾರೂ ಚಪ್ಪಾಳಿ ಹೊಡಿಯೂದಿಲ್ಲೋ ತಮ್ಮಾ," ಎಂದೆ. "ನಿನಗ ಹೊಡೀತಾರ. ಇಷ್ಟ ಮಂದಿ ನಿನ್ನ ಹೆಸರ ಕೂಗೂವಾಗ ಆಕಿ ಹೇಳೂದು ಯಾರ ಕಿವ್ಯಾಗ ಬೀಳ್ತದ?"

ಅವನು ಚಾಚಿದ ಕೈ ಹಿಂದಕ್ಕೆಳೆದುಕೊಂಡು ಜನರ ನಡುವೆ ಹೊರಟುಹೋದ. ಒಂದು ಕಲ್ಲು ನನ್ನ ಕಾಲ ಬಳಿ ಬಿತ್ತು. ಎದುರಾಳಿಗಳು ನಮ್ಮ ಖಾಲಿ ಜಾಗ ನೋಡಿ ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಆರು ಜನ ನಲವತ್ತು ನಿಮಿಷ ಆಡಿದರು. ಬಲಗಡೆ ಒಬ್ಬ ನಿಲ್ಲಬೇಕಾದ ಕಡೆ ಯಾರೂ ನಿಲ್ಲಲಿಲ್ಲ, ಎದುರಾಳಿಗಳು ಮತ್ತೆ ಮತ್ತೆ ಅದೇ ಜಾಗದಿಂದ ನುಗ್ಗಿದರು. ನಾಲ್ಕು ಅಂಕಗಳಿಂದ ಸೋತೆವು.

ಊರು ನಮ್ಮನ್ನು ಕ್ಷಮಿಸಲಿಲ್ಲ. ಹಾಲಿನವನು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ. ಯಾರೋ ಬಾಗಿಲಿಗೆ ಸುಣ್ಣದ ನೀರು ಎರಚಿದರು. ಬಸದಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಕಂಬದ ಆಚೆ ಸರಿದರು. ಸಿದ್ರಾಮನ ತಾಯಿ ಗಂಗವ್ವ ಬೀದಿಯಲ್ಲಿ ನಿಂತು ನನ್ನ ವಂಶಕ್ಕೆ ಶಾಪ ಹಾಕಿದಳು. ನಮಗೆ ಮಕ್ಕಳಿಲ್ಲ ಎಂಬುದು ಸಿಟ್ಟಿನಲ್ಲಿ ಅವಳಿಗೆ ಮರೆತಿತ್ತು. ರಾಜಮತಿ ಒಳಗಿನಿಂದ ಕೇಳಿ, ಶಾಪ ಬಹಳ ಖರ್ಚಾಗಲಿಲ್ಲ ಬಿಡಿ ಎಂದು ನಕ್ಕಳು. ನಗುವುದಕ್ಕೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

ಚೈತ್ರದ ಒಂದು ಬೆಳಿಗ್ಗೆ, ನಾನು ಪಂಚನಮಸ್ಕಾರ ಮಂತ್ರ ಹೇಳುತ್ತಿದ್ದಾಗ ಅವಳ ತುಟಿಯೂ ಜೊತೆಗೆ ಅಲುಗುತ್ತಿತ್ತು. ನಾನು ಮುಗಿಸಿದಾಗ ಅವಳ ತುಟಿ ನಿಂತಿತ್ತು.

ಊರಿನವರು ಹೆಚ್ಚು ಜನ ಬರಲಿಲ್ಲ. ಚಟ್ಟಕ್ಕೆ ಹೆಗಲು ಕೊಡಲು ಬಂದವರು ಆ ಆರು ಜನ. ಕಸ್ತೂರಿ ಹಿತ್ತಲಿನಿಂದ ಬಂದು, ಯಾರನ್ನೂ ಕೇಳದೆ ನೀರು ಕಾಯಿಸಿದಳು, ಪಾತ್ರೆ ತೊಳೆದಳು. ಹಕ್ಕಿ ಅವಳ ಹೆಗಲ ಮೇಲೆ ಸುಮ್ಮನೆ ಕೂತಿತ್ತು. ನಮ್ಮ ಮನೆಯ ಎದುರಿನ ರಸ್ತೆಯಾಚೆ ಬೇವಿನ ಮರದ ಕೆಳಗೆ ಸಿದ್ರಾಮನೂ ನಿಂತಿದ್ದ. ಕಸ್ತೂರಿ ಒಳಗಿದ್ದಳೆಂದು ರಸ್ತೆ ದಾಟಲಿಲ್ಲ. ಅಲ್ಲಿಂದಲೇ ಕೈ ಮುಗಿದ. ಅವನ ಹರಿದ ಅಂಗಿಗಳನ್ನೂ ರಾಜಮತಿ ಹೊಲಿದಿದ್ದಳಲ್ಲ. ದಸ್ತಗೀರ ಹೇಳಿದ ಮಾತನ್ನು ಅವನು ಅಂದಾದರೂ ನಡೆಸಿದ. ಅದಕ್ಕೂ ನಾನು ಕೃತಜ್ಞನೇ.

ಜ್ಯೇಷ್ಠದಲ್ಲಿ ವಿಚಾರಣೆ ನಡೆಯಿತು. ಕಸ್ತೂರಿ ಕಟಕಟೆಯಲ್ಲಿ ನಿಂತು ಎರಡು ಗಂಟೆ ಹೊತ್ತು ಮಾತಾಡಿದಳು. ಹೊರಗೆ ಸಿಳ್ಳೆ ಇರಲಿಲ್ಲ. ಪಂದ್ಯಗಳಿಲ್ಲದ ಆ ತಿಂಗಳುಗಳಲ್ಲಿ ಜನರ ಗಂಟಲು ತಣ್ಣಗಾಗಿತ್ತು, ಕಿವಿ ತೆರೆದಿತ್ತು. ಪುಷ್ಯದ ಆ ಸಂಜೆ ಸುಣ್ಣದ ಕೋಣೆಯ ಬಾಗಿಲು ಒಳಗಿನಿಂದ ಹಾಕಿದ್ದನ್ನು ನೋಡಿ, ಅವಳು ಕೂಗಿದ್ದನ್ನು ಕೇಳಿದ ಗೂಡಿನ ಒಬ್ಬ ಕೆಲಸಗಾರನೂ ಆಗ ಬಾಯಿ ಬಿಟ್ಟ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನ್ಯಾಯಾಧೀಶರು ಕೇಳಿದರು. ತಂಡ ಗೆಲ್ಲುತ್ತಿತ್ತು ಎಂದ. ಆಷಾಢದಲ್ಲಿ ತೀರ್ಪು ಬಂತು. ಸಿದ್ರಾಮನಿಗೆ ಹತ್ತು ವರ್ಷದ ಸಜೆ. ನ್ಯಾಯಾಧೀಶರು ಓದಿ ಮುಗಿಸುತ್ತಲೇ ಎರಡು ಹಕ್ಕಿಗಳೂ ಒಂದೇ ಕಿಟಕಿಯಿಂದ ಹಾರಿಹೋದವು.

ತೀರ್ಪು ಬೇರೆಯಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಏಳನೆಯ ಅಂಗಿಯನ್ನು ಇಡೀ ಊರಿನ ಮುಂದೆ ಅವನ ಕೈಗೆ ಕೊಟ್ಟು, ಖಾಲಿ ಇಟ್ಟ ಜಾಗದಲ್ಲಿ ಅವನನ್ನು ನಿಲ್ಲಿಸುತ್ತಿದ್ದೆ. ಕಾಯಿಸಿದ್ದು ತಪ್ಪು ಎಂದು ಆಗಲೂ ಅನ್ನುತ್ತಿರಲಿಲ್ಲ. ಈಗ ದಸ್ತಗೀರ ಹೇಳಿದ್ದೇ ನಮ್ಮ ತಂಡದ ನಿಯಮವಾಗಿದೆ. ಮಡಿವಾಳಪ್ಪನೂ ಅದಕ್ಕೆ ಸಹಿ ಹಾಕಿದ. ಹಕ್ಕಿಗಳನ್ನು ನೋಡಿ ಯಾರೂ ಏನನ್ನೂ ತೀರ್ಮಾನಿಸಬಾರದು ಎಂಬ ಸಾಲನ್ನು ನಾನು ಸೇರಿಸಿದೆ.

ಭಾದ್ರಪದದಲ್ಲಿ ನಮ್ಮ ಜೈನರ ಹತ್ತು ದಿನದ ಪರ್ವ ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ. ವರ್ಷದಲ್ಲಿ ಯಾರಿಗೆ ನೋವು ಮಾಡಿದ್ದೇವೋ ಅವರ ಮನೆಗೆ ಹೋಗಿ ಕ್ಷಮೆ ಕೇಳುವ ದಿನ. ಪ್ರತಿವರ್ಷ ನಾನೂ ರಾಜಮತಿಯೂ ಬೀದಿಯುದ್ದಕ್ಕೂ ಮನೆಮನೆಗೆ ಹೋಗಿ ಕೈ ಮುಗಿದು ಬರುತ್ತಿದ್ದೆವು. ಎಲ್ಲರೂ ಎಲ್ಲರನ್ನೂ ಕ್ಷಮಿಸುತ್ತಿದ್ದರು. ಅದು ಅಷ್ಟು ಸಲೀಸಾಗಿ ಆಗಿಹೋಗುತ್ತಿತ್ತು. ಈ ಸಲ ಒಬ್ಬನೇ ಹೊರಟೆ. ಬೇರೆ ಮನೆಗಳನ್ನೆಲ್ಲ ಮುಗಿಸಿ, ಕಾಲು ಹಿಂದೆ ಮುಂದೆ ಆಗಿ, ಇಳಿಹೊತ್ತಿಗೆ ಕಸ್ತೂರಿಯ ಬಾಗಿಲಿಗೆ ಹೋದೆ.

ಅವಳು ಜೋಳ ಹಸನು ಮಾಡುತ್ತಿದ್ದಳು. ನಾನು ನಿಂತೇ ಹೇಳಿದೆ. ನಿನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದು, ಹಕ್ಕಿ ನೋಡಿ ತಲೆಯಾಡಿಸಿದ್ದು, ಅವನಿಗೆ ಅಂಗಿ ಕೊಟ್ಟದ್ದು, ಆಮೇಲೆ ಇದೇ ಹೊಸ್ತಿಲಿಗೆ ಬಂದು ದೂರು ಬಿಡು ಎಂದದ್ದು, ಈ ನಾಲ್ಕಕ್ಕೂ ಕ್ಷಮಿಸು ಎಂದೆ. ಕಲಿಸಿದ ಮಗುವಿನ ಮುಂದೆ ಕೈ ಮುಗಿದೆ.

ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಬಹಳ ಹೊತ್ತು ನನ್ನನ್ನೇ ನೋಡಿದಳು.

"ಆಗೂದಿಲ್ರಿ ಮಾಸ್ತರ," ಎಂದಳು. "ಸುಳ್ಳ ಯಾಕ ಹೇಳ್ಲಿ? ಮುಂದ ಆಗ್ತದೋ ಏನೋ. ಇನ್ನೂ ಆಗಿಲ್ಲ."

ಸರಿ ಎಂದೆ. ನಿಜವಾಗಿಯೂ ಸರಿಯೇ ಅನಿಸಿತು. ಅಂದು ಇಪ್ಪತ್ತು ಮನೆಗಳಲ್ಲಿ ಕ್ಷಮಿಸಿದ್ದೇವೆ ಎಂದಿದ್ದರು. ನಾನು ಕೇಳಿದ್ದನ್ನು ಕಿವಿಗೊಟ್ಟು ಕೇಳಿ, ತೂಗಿ ನೋಡಿ, ಉತ್ತರ ಕೊಟ್ಟವಳು ಇವಳೊಬ್ಬಳೇ. ತಿರುಗಿ ಹೊರಟೆ.

"ಎಲ್ಲಿಗೆ ಹೊಂಟ್ರಿ? ಅವ್ವಾರು ಹೋದ ಮ್ಯಾಲ ನಿಮಗ ಹೊತ್ತಿಗೆ ಸರಿಯಾಗಿ ಚಾ ಮಾಡಿಕೊಡೋರು ಯಾರದಾರ? ಕುಂಡ್ರಿ. ಹೊತ್ತ ಮುಣಗಿತಂದ್ರ ನೀವು ನೀರ ಸೈತ ಮುಟ್ಟೂದಿಲ್ಲ."

ಅವಳು ಎದ್ದು ಒಳಗೆ ಓಡಿದಳು. ಒಲೆಗೆ ಪುಳ್ಳೆ ಮುರಿಯುವ ಸಪ್ಪಳ, ಊದುಗೊಳವೆಯ ಸಪ್ಪಳ ಕೇಳಿತು. ಅಜ್ಜಿ ಏನಾಯಿತೆಂದು ಕೂಗಿ ಕೇಳುತ್ತಿದ್ದಳು. ಸುಣ್ಣದ ಗೂಡುಗಳ ಹಿಂದೆ ಸೂರ್ಯ ಇನ್ನು ಒಂದು ಗೇಣು ಉಳಿದಿದ್ದ. ಅವಳು ಬಿಸಿ ಲೋಟವನ್ನು ಸೆರಗಿನಲ್ಲಿ ಹಿಡಿದು ಬಂದು, ಬೇಗ ಆರಲೆಂದು ಬಟ್ಟಲಿಗೆ ಹೊಯ್ದು, ಲೋಟಕ್ಕೆ ಹೊಯ್ದು, ಮತ್ತೆ ಬಟ್ಟಲಿಗೆ ಹೊಯ್ದು ಕೊಟ್ಟಳು. ಹೊಸ್ತಿಲ ಮೇಲೆ ಕೂತು, ಬೆಳಕಿರುವಾಗಲೇ, ಪೂರ್ತಿ ಕುಡಿದೆ.